ಕೌತ್ಸನ ಸಾಲವೂ ನಮ್ಮ ಮನೆಯ ಲೆಕ್ಕವೂ

ಕಾರ್ತಿಕಮಾಸದ ಒಂದು ಸಂಜೆ, ದೀಪ ಹಚ್ಚುವ ಹೊತ್ತಿಗೆ, ನಮ್ಮ ತಮ್ಮನ ಮಗಳು ಮಂಡ್ಯದ ಬಸ್ಸಿನಿಂದಿಳಿದು ತನ್ನ ಮನೆಗೆ ಹೋಗದೆ ನೆಟ್ಟಗೆ ನಮ್ಮ ಜಗುಲಿಗೆ ಬಂದಳು. ಕೈಯಲ್ಲಿ ಎರಡು ಕಾಗದಗಳಿದ್ದುವು. ನಮ್ಮ ಮನೆಯಾಕೆ ಕೊಟ್ಟ ಕಾಫಿಯನ್ನು ಪಕ್ಕಕ್ಕಿಟ್ಟು, ಆ ಕಾಗದಗಳನ್ನು ನಮ್ಮ ಮುಂದೆ ಹರಡಿ, “ದೊಡ್ಡಪ್ಪಾ, ಅಪ್ಪ ಎರಡಕ್ಕೂ ಹೂಂ ಅಂತಾರೆ. ಅವರ ಹೂಂ ಕೇಳಿದರೆ ನನಗೆ ಭಯವಾಗುತ್ತೆ. ನೀವು ಲೆಕ್ಕ ಹಾಕಿ ಹೇಳಿ” ಎಂದಳು.

ನಾವು ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಮಕ್ಕಳಿಗೆ ಕನ್ನಡವನ್ನೂ ಸಂಸ್ಕೃತವನ್ನೂ ಹೇಳಿಕೊಟ್ಟವರು, ಲೆಕ್ಕ ಹೇಳಿಕೊಟ್ಟವರಲ್ಲ. ಆದರೂ ನಮ್ಮ ದುದ್ದದಂತಹ ಊರಿನಲ್ಲಿ ನಿವೃತ್ತನಾದ ಉಪಾಧ್ಯಾಯನೆಂದರೆ ಬ್ಯಾಂಕಿನ ಅರ್ಜಿ ತುಂಬುವವನೂ ಅವನೇ, ಪಹಣಿಯ ತಪ್ಪು ಹುಡುಕುವವನೂ ಅವನೇ, ಮದುವೆಯ ಲಗ್ನಪತ್ರಿಕೆ ಬರೆಯುವವನೂ ಅವನೇ. ಆದಕಾರಣ ಕನ್ನಡಕ ಹಾಕಿಕೊಂಡು ಕಾಗದಗಳನ್ನು ನೋಡಿದೆವು. ಎರಡೂ ‘ಎಂ.ಪಿ.ಎಚ್.’ ಎಂಬ ಪದವಿಗೆ ಸೇರಿಸಿಕೊಳ್ಳುವುದಾಗಿ ಒಪ್ಪಿ ಬಂದ ಪತ್ರಗಳು. ಎಂದರೆ ಸಾರ್ವಜನಿಕ ಆರೋಗ್ಯಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ. ಒಂದು ಪತ್ರ ಅಮೆರಿಕದ ಒಂದು ವಿಶ್ವವಿದ್ಯಾನಿಲಯದ್ದು. ಎರಡು ವರ್ಷಗಳ ಶುಲ್ಕ, ಊಟ, ವಸತಿ, ಪ್ರಯಾಣ ಎಲ್ಲ ಸೇರಿ 50 ಲಕ್ಷ ರೂಪಾಯಿಗಳಾಗುವುದೆಂದು ಹುಡುಗಿಯೇ ಅಂಚಿನಲ್ಲಿ ಗುರುತು ಹಾಕಿದ್ದಳು. ಇನ್ನೊಂದು ನಮ್ಮ ರಾಜ್ಯದೊಳಗಿನ ಒಂದು ಸಂಸ್ಥೆಯದು. ಅಲ್ಲಿ ಎಲ್ಲ ಸೇರಿ 6 ಲಕ್ಷ.

ಹುಡುಗಿ ಬಿ.ಎಸ್‌ಸಿ. ನರ್ಸಿಂಗ್ ಮುಗಿಸಿ ಮೂರು ವರ್ಷಗಳಿಂದ ಸಮೀಪದ ಹಳ್ಳಿಯೊಂದರ ಉಪಕೇಂದ್ರದಲ್ಲಿ ಗುತ್ತಿಗೆಯ ಮೇಲೆ ಸಮುದಾಯ ಆರೋಗ್ಯಾಧಿಕಾರಿಯಾಗಿದ್ದಾಳೆ. ತಿಂಗಳಿಗೆ ಕೈಗೆ ಬರುವುದು 26,000 ರೂಪಾಯಿ. ನಮ್ಮ ತಮ್ಮನಿಗೆ ಊರಿನಲ್ಲಿ ಎರಡೆಕರೆ ಕಬ್ಬಿನ ಜಮೀನು, ಮಂಡ್ಯದಲ್ಲಿ ಹದಿನೈದು ವರ್ಷ ಕೂಡಿಟ್ಟು ಕಟ್ಟಿಸಿದ ಒಂದು ಸಣ್ಣ ಮನೆ, ಅದರ ಬಾಡಿಗೆ. ಅವನ ಸಂಪತ್ತೆಲ್ಲ ಇಷ್ಟೆ. “ಅಣ್ಣಯ್ಯ, ಆ ಮನೆ ಬ್ಯಾಂಕಿಗೆ ಬರೆದುಕೊಟ್ಟರಾಯ್ತು. ಇಟ್ಟಿಗೆ ಗಾರೆ ಮಗಳಿಗಿಂತ ಹೆಚ್ಚೆ?” ಎಂದು ಅವನು ಆ ರಾತ್ರಿಯೇ ಬಂದು ಹೇಳಿಹೋದನು. ಇಂತಹ ತಂದೆಯ ಮುಂದೆ ಲೆಕ್ಕದ ಪುಸ್ತಕ ತೆರೆಯುವುದು ಎಷ್ಟು ಕಷ್ಟವೆಂಬುದನ್ನು ಮಕ್ಕಳನ್ನು ಓದಿಸಿದ ಗೃಹಸ್ಥರೆಲ್ಲರೂ ಬಲ್ಲರು.

ಈ ವಿದ್ಯೆ ಯಾವುದಕ್ಕೆ ಎಂದು ಕೇಳುವ ವಾಚಕರೂ ಇರಬಹುದು. ವೈದ್ಯನು ತನ್ನ ಮುಂದೆ ಬಂದ ರೋಗಿಯೊಬ್ಬನನ್ನು ನೋಡುತ್ತಾನೆ. ಈ ಶಾಸ್ತ್ರವನ್ನು ಓದಿದವರು ಊರನ್ನು ನೋಡುತ್ತಾರೆ: ನೀರೆಲ್ಲಿಂದ ಬರುತ್ತದೆ, ಸೊಳ್ಳೆಯೆಲ್ಲಿ ಹುಟ್ಟುತ್ತದೆ, ಯಾವ ಕೇರಿಯಲ್ಲಿ ಬಾಣಂತಿಯರು ಸಾಯುತ್ತಾರೆ, ಯಾಕೆ. ಇದನ್ನು ತಿಳಿಯುವುದಕ್ಕೆ ಮಂಡ್ಯದವರು ದೂರ ಹೋಗಬೇಕಾದುದಿಲ್ಲ. ಕನ್ನಂಬಾಡಿಯ ಕಟ್ಟೆಯಿಂದ ಆಗ ಇರ್ವಿನ್ ನಾಲೆ ಎಂದು ಕರೆಯುತ್ತಿದ್ದ, ಈಗ ವಿಶ್ವೇಶ್ವರಯ್ಯ ನಾಲೆ ಎನ್ನಿಸಿಕೊಳ್ಳುವ ಕಾಲುವೆಯಲ್ಲಿ ನೀರು ಬಂದು ನಮ್ಮ ಸೀಮೆ ಹಸುರಾಯಿತಷ್ಟೆ. ಆ ನೀರಿನ ಹಿಂದೆಯೇ ಚಳಿಜ್ವರವೂ ಬಂದಿತು. ನಿಂತ ನೀರಿನಲ್ಲಿ ಸೊಳ್ಳೆ, ಸೊಳ್ಳೆಯಿಂದ ಮಲೇರಿಯ. 1930ರ ದಶಕದಲ್ಲಿ ಮೈಸೂರು ಸರ್ಕಾರವು ಅಮೆರಿಕದ ರಾಕ್‌ಫೆಲರ್ ಪ್ರತಿಷ್ಠಾನದ ಸಹಾಯದಿಂದ ಮಂಡ್ಯದಲ್ಲಿ ಒಂದು ಆರೋಗ್ಯ ಘಟಕವನ್ನು ನಡೆಯಿಸುತ್ತಿದ್ದಿತು. ಈ ಪ್ರಾಂತದ ಮಲೇರಿಯವನ್ನು ಶೋಧಿಸುವುದಕ್ಕೆ ತಜ್ಞರು ಬಂದು ನಿಂತಿದ್ದರು. ನಮ್ಮ ತಾತನವರು ಹೇಳುತ್ತಿದ್ದ ಕಥೆಗಳಲ್ಲಿ ಕಂಬಳಿ ಹೊದ್ದು ನಡುಗುತ್ತ ಕಳೆ ಕೀಳುವ ಆಳುಗಳು ಬರುತ್ತಿದ್ದರು. ನಾವು ಹುಡುಗರಾಗಿದ್ದಾಗ ಅದು ಬರಿಯ ಕಥೆಯಾಗಿದ್ದಿತು. ಅದನ್ನು ಕಥೆಯಾಗಿ ಮಾಡಿದವರು ಹೊಂಡ ಹುಡುಕಿ, ಗೋಡೆಗೆ ಮದ್ದು ಹೊಡೆದು, ಮನೆಮನೆಗೆ ತಿರುಗಿ ಲೆಕ್ಕ ಬರೆದುಕೊಂಡ ಜನರು. ಅವರಲ್ಲಿ ಒಬ್ಬರ ಹೆಸರೂ ನಮ್ಮ ಊರಿನಲ್ಲಿ ಯಾರಿಗೂ ಗೊತ್ತಿಲ್ಲ.

ಈಚಿನ ಸಂಗತಿಯೊಂದುಂಟು, ಹೇಳುವುದಕ್ಕೆ ನಾಚಿಕೆಯಾಗುತ್ತದೆ. 2023ರ ಕೊನೆಯಲ್ಲಿ, ಮಂಡ್ಯ ತಾಲ್ಲೂಕಿನ ಒಂದು ಆಲೆಮನೆಯಲ್ಲಿ ಯಂತ್ರವನ್ನಿಟ್ಟು ಗರ್ಭದಲ್ಲಿರುವುದು ಗಂಡೋ ಹೆಣ್ಣೋ ಎಂದು ನೋಡಿ ಹೇಳುತ್ತಿದ್ದ ಜಾಲವು ಬೆಂಗಳೂರಿನ ಪೋಲೀಸರ ಕೈಗೆ ಸಿಕ್ಕಿತು. ಬೆಲ್ಲ ಕಾಯುವ ಜಾಗ ಅದು. ಇಂತಹ ಪರೀಕ್ಷೆಯನ್ನು 1994ರ ಶಾಸನವು ನಿಷೇಧಿಸಿ ಮೂವತ್ತು ವರ್ಷವಾಗುತ್ತ ಬಂದಿದ್ದಿತು. ಆ ಸುದ್ದಿ ಬಂದ ದಿನ ನಮ್ಮ ಹುಡುಗಿ ಊಟ ಮಾಡಲಿಲ್ಲ. “ನನ್ನ ಪುಸ್ತಕದಲ್ಲಿ ಬಸುರಿಯರ ಹೆಸರು ಬರೆದುಕೊಳ್ಳುತ್ತೇನೆ ದೊಡ್ಡಪ್ಪ. ನಾಲ್ಕು ತಿಂಗಳಾದಮೇಲೆ ಕೆಲವರ ಹೆಸರಿನ ಮುಂದೆ ಏನೂ ಬರೆಯೋಕಿರೋದಿಲ್ಲ. ಯಾಕೆ ಅಂತ ಕೇಳೋ ಅಧಿಕಾರವೂ ನನಗಿಲ್ಲ, ಕೇಳೋ ವಿದ್ಯೆಯೂ ನನಗಿಲ್ಲ” ಎಂದಿದ್ದಳು. ಆಕೆಗೆ ಈ ಓದಿನ ಆಸೆ ಹುಟ್ಟಿದ್ದು ಅಂದು. ಸಂಬಳದ ಆಸೆಯಿಂದ ಹುಟ್ಟಿದ್ದಲ್ಲವೆಂಬುದನ್ನು ಮೊದಲೇ ಹೇಳಿಬಿಡುವುದು ನ್ಯಾಯ.

ಹೀಗಿದ್ದರೂ ನಮ್ಮ ಮನಸ್ಸಿಗೆ ಮೊದಲು ಬಂದ ಉತ್ತರವು, ಎರಡೂ ಬೇಡ, ಎಂಬುದೇ. ಅದಕ್ಕೆ ಕಾರಣವುಂಟು. ಆ ಕಾರಣವನ್ನು ಇಷ್ಟು ವರ್ಷ ಯಾರಿಗೂ ಬಾಯಿಬಿಟ್ಟು ಹೇಳಿರಲಿಲ್ಲ.

ರಘುವಂಶದ ಐದನೆಯ ಸರ್ಗದಲ್ಲಿ ಕೌತ್ಸನ ಕಥೆ ಬರುತ್ತದೆ. ವರತಂತುವೆಂಬ ಗುರುವಿನ ಬಳಿ ಹದಿನಾಲ್ಕು ವಿದ್ಯೆಗಳನ್ನು ಕಲಿತ ಕೌತ್ಸನು ಗುರುದಕ್ಷಿಣೆ ಏನು ಕೊಡಲೆಂದು ಕೇಳುತ್ತಾನೆ. ನಿನ್ನ ಸೇವೆಯೇ ಸಾಕೆಂದು ಗುರು ಹೇಳಿದರೂ ಬಿಡದೆ ಹಟ ಹಿಡಿಯಲು, ಮುನಿದ ಗುರುವು ವಿದ್ಯೆಗೊಂದು ಕೋಟಿಯಂತೆ ಹದಿನಾಲ್ಕು ಕೋಟಿ ತರಹೇಳುತ್ತಾನೆ. ಕೌತ್ಸನು ರಘುಮಹಾರಾಜನಲ್ಲಿಗೆ ಬಂದಾಗ ಆ ರಾಜನು ಯಾಗದಲ್ಲಿ ಸರ್ವಸ್ವವನ್ನೂ ದಾನಮಾಡಿ ಮಣ್ಣಿನ ಪಾತ್ರೆಯಲ್ಲಿ ಅರ್ಘ್ಯ ತರುವ ಸ್ಥಿತಿಯಲ್ಲಿದ್ದನು. ರಾಜನು ಕುಬೇರನ ಮೇಲೆ ದಂಡೆತ್ತಿ ಹೋಗಬೇಕೆಂದಿರುವಷ್ಟರಲ್ಲಿ ಭಂಡಾರದಲ್ಲಿ ಹೊನ್ನಿನ ಮಳೆಯಾಯಿತು. ರಾಜನು ಎಲ್ಲವನ್ನೂ ಕೊಡಹೋದರೆ, ಕೌತ್ಸನು ತನ್ನ ಋಣಕ್ಕೆ ಬೇಕಾದುದಕ್ಕಿಂತ ಹೆಚ್ಚನ್ನು ಮುಟ್ಟಲಿಲ್ಲ. ಈ ಕಥೆಯನ್ನು ನಾವು ಮೇಲುಕೋಟೆಯಲ್ಲಿ ವಿದ್ಯಾರ್ಥಿಯಾಗಿದ್ದಾಗ ಕೇಳಿ ಮೈಮರೆತಿದ್ದೆವು; ಉಪಾಧ್ಯಾಯರಾದಮೇಲೆ ಅದೇ ಉತ್ಸಾಹದಿಂದ ಹೇಳುತ್ತಿದ್ದೆವು. ವಿದ್ಯೆಗಾಗಿ ಮಾಡಿದ ಸಾಲ ತಾನಾಗಿ ತೀರುತ್ತದೆ, ಧೈರ್ಯವಾಗಿರಿ, ಎಂದು ಕೊನೆಗೊಂದು ಮಾತನ್ನೂ ಸೇರಿಸುತ್ತಿದ್ದೆವು. ಅದು ಕಾಳಿದಾಸನ ಮಾತಲ್ಲ, ನಮ್ಮದು.

ಆ ಮಾತನ್ನು ನಂಬಿದ ಹುಡುಗನೊಬ್ಬನಿದ್ದನು. ಬಡವರ ಮನೆಯ ಮಗ, ಬಹಳ ಬುದ್ಧಿವಂತ. 2012ರಲ್ಲಿ ಅವನು ದೂರದ ಒಂದು ಖಾಸಗಿ ಕಾಲೇಜಿನಲ್ಲಿ ಇದೇ ಎಂ.ಪಿ.ಎಚ್. ಓದುವುದಕ್ಕೆ 6 ಲಕ್ಷ ಸಾಲ ಕೇಳಿದನು. ಆಗಿನ ನಿಯಮದಂತೆ 4 ಲಕ್ಷ ಮೀರಿದ ಸಾಲಕ್ಕೆ ಮೂರನೆಯವರೊಬ್ಬರ ಜಾಮೀನು ಬೇಕಾಗಿದ್ದಿತು. ನಾವು ಸಹಿ ಹಾಕಿದೆವು. ಬಡ್ಡಿ ಎಷ್ಟೆಂದು ಕೇಳಲಿಲ್ಲ. ಮುಂದೆ ಸಂಬಳವೆಷ್ಟೆಂದೂ ಕೇಳಲಿಲ್ಲ. ಓದು ಮುಗಿದು ಅವನಿಗೆ ಕ್ಷಯರೋಗದ ಒಂದು ಯೋಜನೆಯಲ್ಲಿ ತಿಂಗಳಿಗೆ 22,000ದ ಕೆಲಸ ಸಿಕ್ಕಿತು. ಸಾಲವು ಬಡ್ಡಿ ಸೇರಿ 8 ಲಕ್ಷದ ಹತ್ತಿರಕ್ಕೆ ಬಂದು ಕಂತು ತಿಂಗಳಿಗೆ 14,000 ಆಗಿದ್ದಿತು. ಉಳಿದ ಎಂಟು ಸಾವಿರದಲ್ಲಿ ಬಾಡಿಗೆ ಕೊಟ್ಟು, ಉಂಡು, ಊರಿಗೂ ಕಳುಹಿಸಬೇಕು. ಹನ್ನೊಂದು ತಿಂಗಳಿಗೆ ಯೋಜನೆ ಮುಗಿಯಿತು, ಕೆಲಸವೂ ಮುಗಿಯಿತು. ಬ್ಯಾಂಕಿನ ಕಾಗದ ನಮ್ಮ ಮನೆಗೆ ಬಂದಿತು. ಹತ್ತು ತಿಂಗಳು, ತಿಂಗಳಿಗೆ ಹದಿನಾಲ್ಕು ಸಾವಿರದಂತೆ, ಒಟ್ಟು 1,40,000 ರೂಪಾಯಿಯನ್ನು ನಾವು ಕಟ್ಟಿದೆವು. ನಮ್ಮ ಮನೆಯಾಕೆಯ ಬಳೆ ಆ ವರ್ಷ ಗೌರಿಹಬ್ಬದಲ್ಲಿ ಗಿರವಿಯಲ್ಲಿದ್ದುವು. ಆಕೆ ಒಂದು ಮಾತನ್ನೂ ಆಡಲಿಲ್ಲ. ಅದೇ ಹೆಚ್ಚು ನೋಯಿಸಿತು.

ಆಮೇಲೆ ಆ ಹುಡುಗನು ಬೆಂಗಳೂರಿನಲ್ಲಿ ವಿಮೆಯ ಕ್ಲೇಮುಗಳನ್ನು ಪರೀಕ್ಷಿಸುವ ಆಫೀಸಿಗೆ ಸೇರಿದನು. ಸಂಬಳ ಇಮ್ಮಡಿಯಾಯಿತು. 2022ರಲ್ಲಿ ಸಾಲದ ಕೊನೆಯ ಕಂತನ್ನು ಕಟ್ಟಿದವನು ಮರುವಾರವೇ ದುದ್ದಕ್ಕೆ ಬಂದು 1,40,000 ರೂಪಾಯಿಯನ್ನು ನಮ್ಮ ಮುಂದಿಟ್ಟನು. ನಾವು ಬೇಡವೆಂದೆವು, ಅವನು ಕೇಳಲಿಲ್ಲ. ಥೇಟು ಕೌತ್ಸನೇ ಎಂದು ನಾವು ಸಂತೋಷಪಡುತ್ತಿದ್ದಾಗ ಅವನು ತಲೆ ತಗ್ಗಿಸಿ ಹೇಳಿದನು: “ಮೇಷ್ಟ್ರೇ, ಸಾಲ ತೀರಿತು. ಅಷ್ಟರಲ್ಲಿ ಕಲಿತದ್ದು ಮರೆತುಹೋಯಿತು. ಇನ್ನು ಆ ಕೆಲಸಕ್ಕೆ ನನ್ನನ್ನು ಯಾರು ಕರೆಯುತ್ತಾರೆ?” ಏಳು ವರ್ಷ ಅವನು ಮಾಡಿದ್ದು ಸಾಲಕ್ಕೆ ಬೇಕಾದ ಕೆಲಸ, ವಿದ್ಯೆಗೆ ಬೇಕಾದ ಕೆಲಸವಲ್ಲ. ಆ ಹಣವನ್ನು ನಾವು ಬ್ಯಾಂಕಿನಲ್ಲಿ ಬೇರೆಯಾಗಿಯೇ ಇಟ್ಟೆವು. ಬಳಸುವುದಕ್ಕೆ ಕೈ ಬರಲಿಲ್ಲ.

ಈ ಸಲ ತಪ್ಪು ಮಾಡಬಾರದೆಂದು ಮರುದಿನ ಹಳೆಯ ಹಾಜರಿ ಪುಸ್ತಕವೊಂದರ ಖಾಲಿ ಹಾಳೆಗಳಲ್ಲಿ ಲೆಕ್ಕಕ್ಕೆ ಕುಳಿತೆವು. ಪಕ್ಕದಲ್ಲಿ ಹುಡುಗಿ, ಎದುರಿಗೆ ಅವಳ ಅಪ್ಪ.

ಮೊದಲು ದೊಡ್ಡ ಕಾಗದ. 50 ಲಕ್ಷವನ್ನು ಎರಡು ಭಾಗವಾಗಿ ಎರಡು ವರ್ಷ ತೆಗೆದುಕೊಂಡು, ನೂರಕ್ಕೆ 11ರ ಬಡ್ಡಿಯೆಂದಿಟ್ಟುಕೊಂಡರೆ, ಓದಿನ ಎರಡು ವರ್ಷ, ಅನಂತರ ಕಂತಿಗೆ ಬಿಡುವಿರುವ ಒಂದು ವರ್ಷ, ಇಷ್ಟರಲ್ಲಿ ಸಾದಾ ಬಡ್ಡಿಯೇ 13 ಲಕ್ಷದ 75 ಸಾವಿರ. ತೀರಿಸುವುದಕ್ಕೆ ಆರಂಭಿಸುವ ದಿನ ಸಾಲ 63 ಲಕ್ಷದ 75 ಸಾವಿರ. ಹದಿನೈದು ವರ್ಷದಲ್ಲಿ ತೀರಿಸುವುದಾದರೆ ತಿಂಗಳಿಗೆ ಸುಮಾರು 72,500 ರೂಪಾಯಿ; ಒಟ್ಟು 1 ಕೋಟಿ 30 ಲಕ್ಷ. ಏಳೂವರೆ ಲಕ್ಷ ಮೀರಿದ ಸಾಲಕ್ಕೆ ಬ್ಯಾಂಕು ಆಸ್ತಿಯ ಆಧಾರ ಕೇಳುತ್ತದೆ. ಆದ್ದರಿಂದ ಮಂಡ್ಯದ ಮನೆ ಹದಿನೆಂಟು ವರ್ಷ ಬ್ಯಾಂಕಿನ ಪೆಟ್ಟಿಗೆಯಲ್ಲಿರತಕ್ಕದ್ದು.

“ಅಲ್ಲಿಯೇ ಕೆಲಸ ಸಿಕ್ಕಿದರೆ ಡಾಲರಿನಲ್ಲಿ ಬೇಗ ತೀರೋದಿಲ್ಲವೆ?” ಎಂದು ನಮ್ಮ ತಮ್ಮನು ಕೇಳಿದನು. ತೀರಬಹುದು, ತೀರಿಸಿದವರೂ ಇದ್ದಾರೆ. ಆ ದೇಶದಲ್ಲಿ ಈ ಶಾಸ್ತ್ರಕ್ಕೆ ದೊಡ್ಡ ಗೌರವವುಂಟು; ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾನಿಲಯವು 1916ರಲ್ಲಿಯೇ ಇದಕ್ಕೆಂದು ಪ್ರತ್ಯೇಕ ಶಾಲೆಯನ್ನು ಸ್ಥಾಪಿಸಿದ್ದಿತು. ಆದರೆ 2025ರಲ್ಲಿ ಅಲ್ಲಿನ ಸರ್ಕಾರವು ಲೋಕದ ಬಡದೇಶಗಳ ಆರೋಗ್ಯಕ್ಕೆ ಹಣ ಒದಗಿಸುತ್ತಿದ್ದ ತನ್ನ ನೆರವಿನ ಇಲಾಖೆ ಯು.ಎಸ್.ಏಡ್ ಅನ್ನು ಮುಚ್ಚಿತು. ಆರೋಗ್ಯ ಇಲಾಖೆಗಳಲ್ಲಿಯೂ ಸಾವಿರಾರು ಮಂದಿ ಕೆಲಸ ಕಳೆದುಕೊಂಡರು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಹೊರದೇಶದಿಂದ ಹೊಸದಾಗಿ ಕರೆಸಿಕೊಳ್ಳುವ ಎಚ್-1ಬಿ ನೌಕರರ ಅರ್ಜಿಗೆ ಒಂದು ಲಕ್ಷ ಡಾಲರಿನ ಶುಲ್ಕವೆಂದು ಘೋಷಣೆ ಹೊರಟಿತು. ಗಾಳಿ ನಾಳೆ ತಿರುಗಲೂಬಹುದು. ಹದಿನೈದು ವರ್ಷದ ಕಂತಾದರೋ ಗಾಳಿಯೊಡನೆ ತಿರುಗುವುದಿಲ್ಲ.

ಇದಿರಲಿ, ಇದಕ್ಕಿಂತ ದೊಡ್ಡದಾದ ಪ್ರಶ್ನೆಯೊಂದುಂಟು. ನಾವು ಹುಡುಗಿಯನ್ನು ಕೇಳಿದೆವು: “ಮಗು, ಓದಿದಮೇಲೆ ನೀನು ಎಲ್ಲಿ ಕೆಲಸ ಮಾಡಬೇಕೆಂದಿದ್ದೀಯೆ?” ಅವಳು ತಡಮಾಡದೆ, “ಇಲ್ಲೇ, ಮಂಡ್ಯದಲ್ಲಿ” ಎಂದಳು. ನಾವು ಹಾಳೆಯ ಮೇಲಿನ 72,500ನ್ನು ಬೆರಳಿನಿಂದ ತೋರಿಸಿದೆವು. ಅವಳು ಆ ಕಾಗದವನ್ನು ಮಡಿಸಿ ಚೀಲದಲ್ಲಿಟ್ಟುಕೊಂಡಳು. ಮಂಡ್ಯಕ್ಕೆ ಬರುವುದಕ್ಕಾಗಿ ಮಾಡುವ ಸಾಲವೇ ಮಂಡ್ಯಕ್ಕೆ ಬಾರದಂತೆ ಮಾಡುವುದೆಂಬುದನ್ನು ವಿವರಿಸಿ ಹೇಳಬೇಕಾಗಲಿಲ್ಲ.

ಇನ್ನು ಚಿಕ್ಕ ಕಾಗದ. ಇದು ಸುಲಭವೆಂದು ನಾವು ತಿಳಿದಿದ್ದೆವು, ಹಾಗಾಗಲಿಲ್ಲ. 6 ಲಕ್ಷವೆಂಬುದು ಕಣ್ಣಿಗೆ ಕಾಣುವ ಖರ್ಚು. ಕಾಣದ ಖರ್ಚೊಂದುಂಟು: ಎರಡು ವರ್ಷ ಕೆಲಸ ಬಿಟ್ಟರೆ 26,000ದಂತೆ 24 ತಿಂಗಳ ಸಂಬಳ, 6 ಲಕ್ಷದ 24 ಸಾವಿರ. ಎರಡೂ ಸೇರಿದರೆ 12 ಲಕ್ಷದ 24 ಸಾವಿರ. ಹುಡುಗಿ ತನಗಿಂತ ಮುಂಚೆ ಓದಿದ ಐದಾರು ಮಂದಿಯನ್ನು ವಿಚಾರಿಸಿ ಅವರ ಮೊದಲ ಸಂಬಳವನ್ನು ಬರೆದುಕೊಂಡಿದ್ದಳು. ಒಬ್ಬಾಕೆಗೆ 30,000, ಇಬ್ಬರಿಗೆ 38,000ದ ಆಸುಪಾಸು, ಬೆಂಗಳೂರಿನ ಕಂಪೆನಿ ಸೇರಿದ ಒಬ್ಬನಿಗೆ 60,000. ನಮ್ಮ ತಮ್ಮನು ಅರವತ್ತನ್ನು ಹಿಡಿದುಕೊಂಡನು; ನಾವು ಮೂವತ್ತನ್ನು ಹಿಡಿದುಕೊಂಡೆವು. ಈಗಿನ ಸಂಬಳಕ್ಕಿಂತ ಅದು 4,000 ಹೆಚ್ಚು. ತಿಂಗಳಿಗೆ ನಾಲ್ಕು ಸಾವಿರದಂತೆ 12 ಲಕ್ಷದ 24 ಸಾವಿರ ಹಿಂತಿರುಗಬೇಕಾದರೆ 306 ತಿಂಗಳು, ಎಂದರೆ ಇಪ್ಪತ್ತೈದೂವರೆ ವರ್ಷ. 38,000 ಸಿಕ್ಕಿದರೆ ಎಂಟೂವರೆ ವರ್ಷ.

ಸಂಬಳ ಇಷ್ಟು ಕಡಮೆಯೇಕೆ? ಈ ವಿದ್ಯೆಗೆ ನಮ್ಮಲ್ಲಿ ಗೊತ್ತಾದ ಪೀಠ ಇನ್ನೂ ಭದ್ರವಾಗಿಲ್ಲ. ಕಲ್ಕತ್ತೆಯಲ್ಲಿ ಅಖಿಲ ಭಾರತ ಆರೋಗ್ಯಶಾಸ್ತ್ರದ ಸಂಸ್ಥೆ 1932ರಲ್ಲಿಯೇ ಆರಂಭವಾಯಿತು. ಮದರಾಸು ಪ್ರಾಂತವು 1939ರಲ್ಲಿ ಸಾರ್ವಜನಿಕ ಆರೋಗ್ಯ ಶಾಸನವನ್ನು ಮಾಡಿ, ಆ ಪರಂಪರೆಯನ್ನು ತಮಿಳುನಾಡು ಇಂದಿಗೂ ಪ್ರತ್ಯೇಕ ಇಲಾಖೆಯಾಗಿ ನಡೆಯಿಸುತ್ತಿದೆ. ವೈದ್ಯರಲ್ಲದವರೂ ಓದಬಹುದಾದ ಎಂ.ಪಿ.ಎಚ್. ಪದವಿ ಮಾತ್ರ ಈಚಿನದು. ತಿರುವನಂತಪುರದ ಅಚ್ಯುತ ಮೇನೋನ್ ಕೇಂದ್ರದಲ್ಲಿ ಎಂ.ಪಿ.ಎಚ್. ಆರಂಭವಾದುದು 1997ರಲ್ಲಿ. ಈಗ ಮಣಿಪಾಲ, ಮೈಸೂರು, ಬೆಂಗಳೂರುಗಳಲ್ಲಿಯೂ ಇದೆ. ಓದಿಸುವ ಸ್ಥಳಗಳು ಹೆಚ್ಚಿದುವು. ಓದಿದವರಿಗೆಂದೇ ಇಟ್ಟ ಖಾಯಂ ಹುದ್ದೆಗಳು ಆ ಪ್ರಮಾಣದಲ್ಲಿ ಹೆಚ್ಚಲಿಲ್ಲ. ಸಿಕ್ಕುವ ಕೆಲಸಗಳಲ್ಲಿ ಬಹುಭಾಗ ಯೋಜನೆಯದು, ಗುತ್ತಿಗೆಯದು. 2017ರ ರಾಷ್ಟ್ರೀಯ ಆರೋಗ್ಯ ನೀತಿಯು ಪ್ರತಿ ರಾಜ್ಯದಲ್ಲಿಯೂ ಸಾರ್ವಜನಿಕ ಆರೋಗ್ಯಕ್ಕೆ ಪ್ರತ್ಯೇಕ ನೌಕರವರ್ಗವಿರಬೇಕೆಂದು ಹೇಳಿತು. 2022ರಲ್ಲಿ ಕೇಂದ್ರ ಸರ್ಕಾರವು ಅದಕ್ಕೆ ಮಾರ್ಗದರ್ಶನವನ್ನೂ ಹೊರಡಿಸಿತು. ಅದು ನೆಲೆಗೊಂಡಾಗ ಲೆಕ್ಕ ಬದಲಾಗಬಹುದು. ಆದರೆ ಮುಂದೆ ಬರಬಹುದಾದ ಹುದ್ದೆಯನ್ನು ನಂಬಿ ಇಂದು ಸಾಲಪತ್ರಕ್ಕೆ ಸಹಿ ಹಾಕುವುದು, ಬಾರದ ಮಳೆಯನ್ನು ನಂಬಿ ಬಿತ್ತನೆಯ ರಾಗಿಯನ್ನೂ ಬೀಸಿದಂತೆ.

ಇಷ್ಟಾದಮೇಲೆ ನಾವು ಪೆನ್ನು ಕೆಳಗಿಟ್ಟು, “ಲಾಭದ ದೃಷ್ಟಿಯಿಂದ ಇದೂ ಬೇಡ, ತಾಯಿ” ಎಂದೆವು. ಹುಡುಗಿಯ ಕಣ್ಣಿನಲ್ಲಿ ನೀರು ಬಂದಿತು. ಆದರೆ ದನಿ ಗಟ್ಟಿಯಾಗಿದ್ದಿತು. “ದೊಡ್ಡಪ್ಪಾ, ನೀವು ಸಂಸ್ಕೃತ ಓದಿದಾಗ ಯಾರಾದರೂ ಹೀಗೆ ಲೆಕ್ಕ ಹಾಕಿದ್ದರೆ ನಿಮ್ಮನ್ನು ಮೇಲುಕೋಟೆಗೆ ಕಳಿಸ್ತಿದ್ದರಾ? ಎಲ್ಲರೂ ಹೀಗೇ ಲೆಕ್ಕ ಹಾಕಿದರೆ ಆ ಹೊಂಡಗಳನ್ನು ಯಾರು ಹುಡುಕ್ತಿದ್ದರು?” ಎಂದಳು.

ನಮಗೆ ಉತ್ತರ ತೋಚಲಿಲ್ಲ. ನಮ್ಮ ತಂದೆ ನಮ್ಮನ್ನು ಓದಿಸಿದಾಗ ನಿಜವಾಗಿಯೂ ಯಾರೂ ಲೆಕ್ಕ ಹಾಕಿರಲಿಲ್ಲ. ಹಾಕಿದ್ದರೆ ನಾವು ಇಂದು ಏನಾಗಿರುತ್ತಿದ್ದೆವೋ ತಿಳಿಯದು. ಆದರೆ ನಮ್ಮ ಓದಿಗೆ ಸಾಲವೂ ಆಗಿರಲಿಲ್ಲ. ಪಾಠಶಾಲೆಯಲ್ಲಿ ಊಟ ಪಾಠ ಎರಡೂ ಧರ್ಮವಾಗಿ ನಡೆದಿದ್ದುವು. ನಾವು ಕಡಮೆ ಸಂಬಳದ ಕೆಲಸವನ್ನು ಸಂತೋಷದಿಂದ ಮಾಡಿದ್ದು ನಮ್ಮ ತ್ಯಾಗದಿಂದಲ್ಲ. ತಿಂಗಳ ಮೊದಲನೆಯ ತಾರೀಖು ನಮ್ಮ ಬಾಗಿಲಿಗೆ ಯಾರೂ ಬರುತ್ತಿರಲಿಲ್ಲವಾದ್ದರಿಂದ. ಇದು ಹೊಳೆದಾಗ ಹುಡುಗಿಯ ಪ್ರಶ್ನೆಗೂ ನಮ್ಮ ಭಯಕ್ಕೂ ಒಂದೇ ಉತ್ತರವಿರುವಂತೆ ಕಂಡಿತು. ಈ ಓದು ಲಾಭ ತರುವುದಿಲ್ಲವೆಂಬುದು ನಿಜ. ಲಾಭಕ್ಕಾಗಿ ಅವಳು ಕೇಳಿಯೂ ಇಲ್ಲ. ಆದಕಾರಣ ಕೇಳಬೇಕಾದ ಪ್ರಶ್ನೆ, ಎಷ್ಟು ಹಿಂತಿರುಗಿ ಬರುತ್ತದೆ, ಎಂಬುದಲ್ಲ. ಎಷ್ಟು ಸಾಲವಾದರೆ ಅವಳು ಅತ್ಯಂತ ಕಡಮೆ ಸಂಬಳದ ಕೆಲಸವನ್ನೂ ಒಪ್ಪಿಕೊಳ್ಳುವ ಸ್ವಾತಂತ್ರ್ಯ ಅವಳಿಗೆ ಉಳಿಯುತ್ತದೆ, ಎಂಬುದು.

ನಮ್ಮ ಪೂರ್ವಿಕರು ಇದನ್ನು ಯೋಚಿಸದೆ ಇರಲಿಲ್ಲ. ಕೌಟಿಲ್ಯನ ಅರ್ಥಶಾಸ್ತ್ರವು, ವಾಚಕರು ಬಲ್ಲಂತೆ, ನಮ್ಮ ಮೈಸೂರಿನ ಓಲೆಗಳ ಭಂಡಾರದಲ್ಲಿಯೇ ಆರ್. ಶಾಮಶಾಸ್ತ್ರಿಗಳ ಕಣ್ಣಿಗೆ ಬಿದ್ದು 1909ರಲ್ಲಿ ಅಚ್ಚಾಯಿತು. ಅದರಲ್ಲಿ ಋಣದ ಅಧ್ಯಾಯವೊಂದಿದೆ. ನೂರು ಪಣಕ್ಕೆ ತಿಂಗಳಿಗೆ ಒಂದೂಕಾಲು ಪಣ ಧರ್ಮದ ಬಡ್ಡಿ, ವ್ಯಾಪಾರಿಗೆ ಐದು, ಕಾಡು ದಾಟುವವನಿಗೆ ಹತ್ತು, ಸಮುದ್ರ ದಾಟುವವನಿಗೆ ಇಪ್ಪತ್ತು. ಅಪಾಯ ಹೆಚ್ಚಿದಂತೆ ಬಡ್ಡಿಯೂ ಹೆಚ್ಚು. ಅದೇ ಅಧ್ಯಾಯದಲ್ಲಿ, ದೀರ್ಘಕಾಲದ ಯಾಗದಲ್ಲಿರುವವನು, ರೋಗಿ, ಬಾಲಕ, ಗತಿಯಿಲ್ಲದವನು, ಇವರ ಜೊತೆಗೆ ಗುರುಕುಲದಲ್ಲಿ ಓದುತ್ತಿರುವವನ ಸಾಲವೂ ಬೆಳೆಯಕೂಡದೆಂದು ವಿಧಿಸಿದೆ. ಓದುವವನ ಸಾಲ ಓದು ಮುಗಿಯುವವರೆಗೆ ನಿಂತಲ್ಲೇ ನಿಲ್ಲಬೇಕು! ಇಂದಿನ ಬ್ಯಾಂಕು ಕಂತನ್ನು ನಿಲ್ಲಿಸುತ್ತದೆ, ಬಡ್ಡಿಯನ್ನು ನಿಲ್ಲಿಸುವುದಿಲ್ಲ. ಸರ್ಕಾರದ ಸಹಾಯವೂ ಇಲ್ಲದಿಲ್ಲ. ವರಮಾನ ನಾಲ್ಕೂವರೆ ಲಕ್ಷದೊಳಗಿರುವ ಮನೆಯ ಮಕ್ಕಳಿಗೆ ಓದಿನ ಕಾಲದ ಬಡ್ಡಿಯನ್ನು ತಾನೇ ಕಟ್ಟುವ ಕೇಂದ್ರದ ಯೋಜನೆ 2009ರಿಂದ ಇದೆ. ಆದರೆ ಒಮ್ಮೆ ಬಳಸಿಕೊಂಡವರಿಗೆ ಮತ್ತೊಮ್ಮೆ ಇಲ್ಲ. 2024ರ ನವೆಂಬರಿನಲ್ಲಿ ಒಪ್ಪಿಗೆಯಾದ ವಿದ್ಯಾಲಕ್ಷ್ಮಿ ಯೋಜನೆಯಲ್ಲಿ, ವರಮಾನ ಎಂಟು ಲಕ್ಷದೊಳಗಿದ್ದರೆ, ಹತ್ತು ಲಕ್ಷದವರೆಗಿನ ಸಾಲಕ್ಕೆ ಆ ಅವಧಿಯ ಬಡ್ಡಿಯಲ್ಲಿ ನೂರಕ್ಕೆ ಮೂರು ಇಳಿಯುತ್ತದೆ. ಸೇರುವ ಸಂಸ್ಥೆ ಸರ್ಕಾರದ ಪಟ್ಟಿಯಲ್ಲಿರಬೇಕು. ಇವೆಲ್ಲ ಈ ದೇಶದಲ್ಲಿ ಓದುವವರಿಗೆ. ಸಹಿ ಹಾಕುವ ಮೊದಲೇ ವಿಚಾರಿಸಿಕೊಳ್ಳಬೇಕಾದವು.

ಸಹಾಯ ಸಿಕ್ಕಿದರೆ ಸಿಕ್ಕಲಿ. ಸಿಕ್ಕದೆಂದೇ ಇಟ್ಟುಕೊಂಡು ನಾವು ಮತ್ತೆ ಲೆಕ್ಕಕ್ಕೆ ಕುಳಿತೆವು. ಕಂತು, ಸಿಕ್ಕಬಹುದಾದ ಅತಿ ಕಡಮೆ ಸಂಬಳದ ಕಾಲುಭಾಗ ಮೀರಕೂಡದು ಎಂದು ಗೆರೆ ಎಳೆದೆವು. 30,000ದ ಕಾಲುಭಾಗ 7,500. ಹುಡುಗಿಯ ಹತ್ತಿರ ಉಳಿತಾಯವಾಗಿ 1,20,000 ಇದ್ದಿತು. ನಾವು ಒಳಗೆ ಹೋಗಿ ಬ್ಯಾಂಕಿನ ಆ ಇನ್ನೊಂದು ಪುಸ್ತಕವನ್ನು ತಂದು ಮುಂದಿಟ್ಟೆವು. 1,40,000. ನಮ್ಮ ಮನೆಯಾಕೆಯ ಮುಖ ನೋಡಿದೆವು, ಆಕೆ, “ಅದು ಎಂದಾದರೂ ನಮ್ಮದಾಗಿತ್ತೇ?” ಎಂದಳು. 6 ಲಕ್ಷದಲ್ಲಿ ಇವೆರಡನ್ನೂ ಕಳೆದರೆ ಸಾಲ 3 ಲಕ್ಷದ 40 ಸಾವಿರ. ನೂರಕ್ಕೆ ಹತ್ತರ ಬಡ್ಡಿಯಲ್ಲಿ ಬಿಡುವಿನ ಕಾಲ ಮುಗಿಯುವ ವೇಳೆಗೆ ಅದು 4 ಲಕ್ಷದ 25 ಸಾವಿರವಾಗುತ್ತದೆ. ಏಳು ವರ್ಷಕ್ಕೆ ಹಂಚಿದರೆ ಕಂತು 7,056 ರೂಪಾಯಿ. ಗೆರೆಯ ಒಳಗೆ, 444 ರೂಪಾಯಿ ಉಳಿಯಿತು. ಈ ಸಾಲಕ್ಕೆ ತಂದೆಯೂ ಸಹಿ ಹಾಕಬೇಕು. ಆದರೆ ಮಂಡ್ಯದ ಮನೆಯ ಪತ್ರ ಅವನ ಬೀರುವಿನಲ್ಲೇ ಇರುತ್ತದೆ.

ಆ ಸಂಜೆ ನಾವು ಬೆಂಗಳೂರಿನಲ್ಲಿರುವ ನಮ್ಮ ಶಿಷ್ಯನಿಗೆ ಫೋನು ಮಾಡಿ, ಅವನ ಹಣ ಯಾವುದಕ್ಕೆ ಹೋಗುತ್ತಿದೆಯೆಂದು ಹೇಳಿದೆವು. ಬಹಳ ಹೊತ್ತು ಆ ಕಡೆಯಿಂದ ಮಾತಿರಲಿಲ್ಲ. ಕೊನೆಗೆ, “ನನ್ನ ಪುಸ್ತಕಗಳನ್ನು ಇಟ್ಟುಕೊಂಡಿದ್ದೇನೆ ಮೇಷ್ಟ್ರೇ. ಭಾನುವಾರ ತಂದುಕೊಡುತ್ತೇನೆ” ಎಂದನು. ತಂದುಕೊಟ್ಟನು. ಅಂಚುಗಳಲ್ಲೆಲ್ಲ ಅವನ ಸಣ್ಣ ಅಕ್ಷರದ ಟಿಪ್ಪಣಿಗಳು.

ಹುಡುಗಿ ಈಗ ಓದುತ್ತಿದ್ದಾಳೆ. ಮುಂದೆ ಅವಳಿಗೆ ಮೂವತ್ತು ಸಾವಿರವೇ ಬರುವುದೋ, ಹೆಚ್ಚೇ ಬರುವುದೋ ನಾವು ಹೇಳಲಾರೆವು. ಅವಳ ಗುತ್ತಿಗೆಯೂ ಹನ್ನೊಂದು ತಿಂಗಳಿಗೆ ಮುಗಿಯಬಹುದು. ನಮ್ಮ ಲೆಕ್ಕವು ಆ ಕಷ್ಟವನ್ನು ತಪ್ಪಿಸದು. ಬಂದರೆ ತಡೆದುಕೊಳ್ಳುವಷ್ಟು ಸಣ್ಣದಾಗಿ ಮಾಡೀತು. ನಾವೂ ಈಗ ಊರಿನ ಮಕ್ಕಳು ಬಂದು ಕುಳಿತಾಗ ಕೌತ್ಸನ ಕಥೆಯನ್ನು ಹೇಳುವುದನ್ನು ಬಿಟ್ಟಿಲ್ಲ. ಕೊನೆಗೆ ಸೇರಿಸುತ್ತಿದ್ದ ಮಾತನ್ನು ಮಾತ್ರ ಬದಲಾಯಿಸಿದ್ದೇವೆ. ಕೌತ್ಸನ ಗುರು ಮೊದಲು ಏನನ್ನೂ ಕೇಳಿರಲಿಲ್ಲ, ಹದಿನಾಲ್ಕು ಕೋಟಿಯ ಸಾಲ ಬಂದದ್ದು ಅವನ ಹಟದಿಂದ, ಎಂದು ಜ್ಞಾಪಿಸುತ್ತೇವೆ. ಹಾಗೆಯೇ, ರಘುವಿನ ಭಂಡಾರದಲ್ಲಿ ಸುರಿದ ಹೊನ್ನಿನ ಮಳೆ ದುದ್ದದಲ್ಲಿ ಇದುವರೆಗೆ ಸುರಿದುದನ್ನು ನಾವು ಕಂಡಿಲ್ಲವೆಂದೂ ಹೇಳುತ್ತೇವೆ. ಮಕ್ಕಳು ನಗುತ್ತಾರೆ. ಅವರ ತಂದೆತಾಯಿಗಳು ಹಾಳೆ ಪೆನ್ನು ಕೇಳುತ್ತಾರೆ.